ತಲೆಗೂ ಗೋಡೆಗೂ ನಡುವೆ

ನಮ್ಮವರ ಅಂಗಡಿಯ ಗೋಡೆಯಲ್ಲಿ ಈಗಲೂ ನಾಲ್ಕು ತೂತುಗಳಿವೆ, ಒಂದರ ಕೆಳಗೊಂದು. ಮೇಲಿನದು ನಾನು ಕೈ ಚಾಚಿದರೂ ಸಿಗದಷ್ಟು ಎತ್ತರ. ಕೆಳಗಿನದು ನನ್ನ ಎದೆಮಟ್ಟ. ರಿಪೇರಿಗೆ ಬಂದ ತಕ್ಕಡಿಯನ್ನು ನೇತುಹಾಕಿ ಮುಳ್ಳು ನೋಡುವ ಕೊಕ್ಕೆ ಆ ತೂತುಗಳಲ್ಲಿ ಒಂದೊಂದಾಗಿ ಇಳಿದು ಬಂತು. ಮುಳ್ಳು ಕಣ್ಣಿನ ನೇರಕ್ಕೆ ಇರಬೇಕು, ಮೇಲಿಂದ ನೋಡಿದರೂ ಕೆಳಗಿಂದ ನೋಡಿದರೂ ಅದು ಸುಳ್ಳು ಹೇಳುತ್ತದೆ ಎಂಬುದು ಅವರ ಕಸುಬಿನ ಮೊದಲ ಪಾಠ. ಅವರ ಕತ್ತು ಬಗ್ಗಿದ ಹಾಗೆಲ್ಲ ಕೊಕ್ಕೆಯೂ ಇಳಿಯಿತು.

ಊರಿನವರು ಅವರನ್ನು ತಕ್ಕಡಿಯವರು ಎಂದೇ ಕರೆಯುತ್ತಿದ್ದರು. ಅದರಿಂದ ನಾನು ತಕ್ಕಡಿಯಮ್ಮ. ಅಂಗಡಿ ಎಂದರೆ ಎರಡು ಮಂಚ ಹಿಡಿಸುವಷ್ಟು ಜಾಗ. ಒಂದು ಕಡೆ ಅರ, ಇಕ್ಕಳ, ಸಾಣೆಕಲ್ಲು. ಇನ್ನೊಂದು ಕಡೆ ಮರದ ಹಲಗೆಯ ಮೇಲೆ ಇಪ್ಪತ್ತು ಕಿಲೋದಿಂದ ಐವತ್ತು ಗ್ರಾಮಿನವರೆಗೆ ಕಬ್ಬಿಣದ ತೂಕದ ಬಟ್ಟುಗಳು, ಅಣ್ಣತಮ್ಮಂದಿರು ಫೋಟೋಗೆ ನಿಂತ ಹಾಗೆ ಸಾಲಾಗಿ. ಗಾಜಿನ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಬಟ್ಟುಗಳು ಬೇರೆ ಇದ್ದವು. ಅವುಗಳನ್ನು ಬರಿಗೈಯಲ್ಲಿ ಮುಟ್ಟಿದರೆ ಮನೆಗೆ ಬೆಂಕಿ ಬಿದ್ದ ಹಾಗೆ ಕೂಗುತ್ತಿದ್ದರು. ಕೈಯ ಬೆವರಿಗೂ ತೂಕವಿದೆಯಂತೆ.

ಒಮ್ಮೆ ತರಕಾರಿಯವನೊಬ್ಬ ಬಂದು ಮೆಲ್ಲಗೆ ಕೇಳಿದ. "ತಟ್ಟೆ ಕೆಳಗೆ ಒಂಚೂರು ಸೀಸ ಅಂಟಿಸ್ಕೊಡಿ ತಕ್ಕಡಿಯವ್ರೇ. ನಾನೂ ಬದುಕ್ಬೇಕಲ್ಲ."

"ನಿನ್ನ ಬದನೇಕಾಯಲ್ಲಿ ಬದುಕು," ಎಂದರು ಇವರು, ತಲೆಯೆತ್ತದೆ. "ನನ್ನ ಮುಳ್ಳಲ್ಲಿ ಬೇಡ."

ಅವನು ಹೋದ ಮೇಲೆ ಕಿಸಕ್ಕನೆ ನಕ್ಕರು. ನಗುವುದು ಇವರಿಗೆ ಗೊತ್ತಿರಲಿಲ್ಲ ಎಂದೇನಲ್ಲ.

ನೋವು ಶುರುವಾದದ್ದು ಮದುವೆಗೆ ಸ್ವಲ್ಪ ಮುಂಚೆ, ಅವರಿಗೆ ಇಪ್ಪತ್ತುಮೂರು ತುಂಬಿದ ವರ್ಷ. ಸೊಂಟ ಹಿಡಿದಿದೆ, ಭಾರ ಎತ್ತಿದ್ದಕ್ಕೆ ಇರಬೇಕು ಎಂದುಕೊಂಡೆವು. ಆದರೆ ಈ ಸೊಂಟನೋವು ಉಲ್ಟಾ ಸೊಂಟನೋವು. ದುಡಿದರೆ ಕಡಿಮೆ, ಮಲಗಿದರೆ ಜಾಸ್ತಿ. ನಾನು ಪಕ್ಕದ ಮನೆಯ ಅಕ್ಕನಿಗೆ ಹೇಳಿದಾಗ ಆಕೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಮಲಗಿದ್ರೆ ನೋವು, ಕೆಲಸ ಮಾಡಿದ್ರೆ ವಾಸಿನಾ? ಅಯ್ಯೋ, ಆ ಕಾಯಿಲೆ ನಮ್ಮನೆಯವರಿಗೆ ಬರಬಾರದಿತ್ತೇನೇ!"

ನಾನೂ ನಕ್ಕೆ. ಎಷ್ಟು ವರ್ಷದ ಕಾಯಿಲೆ ಎಂದು ಗೊತ್ತಿದ್ದರೆ ನಗುತ್ತಿರಲಿಲ್ಲ.

ಬೆಳಗ್ಗೆ ಅವರನ್ನು ಎಬ್ಬಿಸುವುದೇ ಒಂದು ಕೆಲಸವಾಗಿತ್ತು. ಕಣ್ಣು ಬಿಟ್ಟಿರುತ್ತಿದ್ದರು, ಆದರೆ ಮಗ್ಗುಲಾಗಲು ಬರುತ್ತಿರಲಿಲ್ಲ. ಬೆನ್ನೊಳಗೆ ಯಾರೋ ಸಿಮೆಂಟು ಕಲಸಿ ಹುಯ್ದು ಹೋದ ಹಾಗಿರುತ್ತದೆ ಎನ್ನುತ್ತಿದ್ದರು. ನಾನು ಮಂಚದ ಅಂಚಿನಲ್ಲಿ ಕೂತು ಅವರ ಕೈಯನ್ನು ನನ್ನ ಕತ್ತಿನ ಸುತ್ತ ಹಾಕಿಸಿಕೊಳ್ಳುತ್ತಿದ್ದೆ. ಮೊದಲು ಮೊಣಕಾಲು ಮಡಿಸಬೇಕು. ಆಮೇಲೆ ಮರದ ದಿಮ್ಮಿಯನ್ನು ಹೊರಳಿಸಿದ ಹಾಗೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಬೇಕು. ಆಮೇಲೆ ಕಾಲು ಕೆಳಗೆ. ಹಾಗೆ ಕೂತ ಮೇಲೆ ಬೆನ್ನಿಗೆ ಬಿಸಿನೀರಿನ ಬಟ್ಟೆ. ಅದಾದ ಮೇಲೆ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದರು. ಬೀದಿಯಲ್ಲಿ ಹಾಲಿನ ಗಾಡಿ ಬಂದು, ಪೇಪರಿನವನು ಬಂದು, ಶಾಲೆಯ ಮಕ್ಕಳು ಹೋದರೂ ಇವರು ಸರಳು ಬಿಡುತ್ತಿರಲಿಲ್ಲ. ಕಣ್ಣು ಬಿಟ್ಟ ಹೊತ್ತಿನಿಂದ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಎರಡು ಗಂಟೆ ಮೀರುತ್ತಿತ್ತು. ಅಂಗಡಿಗೆ ಬಂದವರು ಕಾಣುತ್ತಿದ್ದದ್ದು ಮಾತ್ರ ಆ ಎರಡು ಗಂಟೆ ಕಳೆದ ಮೇಲಿನ ಗಂಡಸನ್ನು.

ಗೋಡೆಯ ಆಟ ಶುರು ಮಾಡಿದವಳು ಮಗಳು. ನಮಗಿರುವುದು ಅವಳೊಬ್ಬಳೇ. ಪ್ರತಿವರ್ಷ ಶಾಲೆ ಶುರುವಾಗುವ ದಿನ ಅವಳನ್ನು ಅಡುಗೆಮನೆಯ ಗೋಡೆಗೆ ನಿಲ್ಲಿಸಿ ಎತ್ತರಕ್ಕೆ ಒಂದು ಗೆರೆ ಎಳೆಯುತ್ತಿದ್ದೆವು. ಅವಳು ಒಂದನೇ ಕ್ಲಾಸಿಗೆ ಸೇರಿದ ವರ್ಷ, "ಅಪ್ಪಾ, ನೀನೂ ನಿಲ್ಲು" ಎಂದು ಹಟ ಹಿಡಿದಳು. ಇವರು ಹಿಮ್ಮಡಿ ಗೋಡೆಗೆ ಒತ್ತಿ ನಿಂತರು. ಬೆನ್ನು ತಾಗಿತು, ತಲೆ ತಾಗಲಿಲ್ಲ.

"ತಲೆ ಹಿಂದಕ್ಕೆ ಇಡಪ್ಪಾ."

"ಇಟ್ಟಿದೀನಲ್ಲೇ."

"ಇಲ್ಲ, ಸಂದಿ ಇದೆ." ಅವಳು ಅಂಗಡಿಗೆ ಓಡಿಹೋಗಿ ಇನ್ನೂರು ಗ್ರಾಮಿನ ಬಟ್ಟು ತಂದಳು. ಸ್ಟೂಲು ಹತ್ತಿ ತಲೆಗೂ ಗೋಡೆಗೂ ನಡುವೆ ತೂರಿಸಿದಳು. ಬಟ್ಟು ಬೀಳದೆ ನಿಂತಿತು. "ಅಪ್ಪನ ತಲೆ ಇನ್ನೂರು ಗ್ರಾಂ!" ಎಂದು ಚಪ್ಪಾಳೆ ತಟ್ಟಿದಳು. ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಆಮೇಲೆ ಪ್ರತಿವರ್ಷ ಅದೇ ಆಟ. ಅವಳ ಗೆರೆ ಮೇಲೆ ಹೋಗುತ್ತಿತ್ತು, ಇವರ ಬಟ್ಟು ದೊಡ್ಡದಾಗುತ್ತಿತ್ತು. ಅರ್ಧ ಕಿಲೋ ಹಿಡಿಸಿದ ವರ್ಷ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ನಿಲ್ಲಿಸಲೂ ಇಲ್ಲ. ಆ ದಿನ ಬಂದರೆ ಇವರೇ ಹೋಗಿ ಗೋಡೆಗೆ ನಿಲ್ಲುತ್ತಿದ್ದರು.

ಕಾಯಿಲೆ ಯಾವುದೆಂದು ಗೊತ್ತಾದದ್ದು ಕಣ್ಣಿನಿಂದ. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಕಣ್ಣು ಕೆಂಡದ ಹಾಗೆ ಕೆಂಪಾಗಿ ಬೆಳಕು ನೋಡಲಾಗದೆ ಹೋಯಿತು. ಕಣ್ಣಿನ ಡಾಕ್ಟರು ಔಷಧಿ ಬರೆದು, "ಬೆನ್ನು ನೋಯುತ್ತಾ?" ಎಂದು ಕೇಳಿದರು. ಕಣ್ಣು ತೋರಿಸಲು ಬಂದವರಿಗೆ ಬೆನ್ನಿನ ವಿಚಾರ ಯಾಕೆ ಎಂದು ನಾವು ಮುಖ ಮುಖ ನೋಡಿಕೊಂಡೆವು. ಅವರು ದೊಡ್ಡಾಸ್ಪತ್ರೆಯ ಕೀಲಿನ ವಿಭಾಗಕ್ಕೆ ಚೀಟಿ ಕೊಟ್ಟರು.

ಅಲ್ಲಿ ಒಬ್ಬರು ಡಾಕ್ಟರಮ್ಮ ಇದ್ದರು. ಚಿಕ್ಕ ವಯಸ್ಸು, ದಪ್ಪ ಕನ್ನಡಕ, ಮಾತಿಗಿಂತ ಕಿವಿ ಜಾಸ್ತಿ. ಮೈಯನ್ನು ಕಾಯುವ ಶಕ್ತಿಯೇ ತಿರುಗಿಬಿದ್ದು ಬೆನ್ನಿನ ಕೀಲುಗಳನ್ನು, ಒಮ್ಮೊಮ್ಮೆ ಕಣ್ಣನ್ನೂ ಸುಡುತ್ತದೆ, ಸುಟ್ಟ ಕಡೆ ಹೊಸ ಎಲುಬು ಬೆಳೆದು ಕೀಲು ಕೂಡಿಕೊಳ್ಳುತ್ತದೆ, ಕೂಡಿಕೊಂಡದ್ದು ಮತ್ತೆ ಬಿಡುವುದಿಲ್ಲ ಎಂದು ನನಗೆ ಅರ್ಥವಾಗುವ ಹಾಗೆ ಹೇಳಿದರು. ಆದ್ದರಿಂದ ಬೆಂಕಿ ಈಗ ಎಷ್ಟು ಉರಿಯುತ್ತಿದೆ ಎಂದು ಆಗಾಗ ನೋಡುತ್ತಿರಬೇಕು. ಅದನ್ನು ನೋಡಲು ಅಲ್ಲೊಬ್ಬ ಅಳತೆಯವನಿದ್ದ. ಕೊರಳಲ್ಲಿ ಸದಾ ಟೇಪು. ಎಲ್ಲರೂ ಅವನನ್ನು ಟೇಪಣ್ಣ ಎನ್ನುತ್ತಿದ್ದರು. ಉಸಿರೆಳೆದರೆ ಎದೆ ಎಷ್ಟು ಉಬ್ಬುತ್ತದೆ, ಬಗ್ಗಿದರೆ ಬೆರಳು ನೆಲಕ್ಕೆ ಎಷ್ಟು ದೂರ ಎಂದು ಅಳೆಯುತ್ತಿದ್ದ. ಸೊಂಟದ ಮೇಲೆ ಪೆನ್ನಿನಿಂದ ಹತ್ತು ಸೆಂಟಿಮೀಟರಿಗೆ ಎರಡು ಗುರುತು ಹಾಕಿ, ಬಗ್ಗಿದಾಗ ಆ ಗುರುತುಗಳು ಎಷ್ಟು ದೂರ ಸರಿಯುತ್ತವೆ ಎಂದು ನೋಡುತ್ತಿದ್ದ. ಆರೋಗ್ಯವಂತರಿಗೆ ಐದು ಸರಿಯಬೇಕಂತೆ. ಇವರಿಗೆ ಎರಡು ಸರಿಯಿತು. ಕೊನೆಗೆ ಗೋಡೆಗೆ ನಿಲ್ಲಿಸಿ ತಲೆಯ ಹಿಂದಿನ ಸಂದಿಗೆ ಟೇಪು ಹಿಡಿದ. ನಾನು, ಇವರು ಒಬ್ಬರನ್ನೊಬ್ಬರು ನೋಡಿದೆವು. ನಮ್ಮ ಮಗಳ ಆಟ ಡಾಕ್ಟರ ಪುಸ್ತಕದಲ್ಲೂ ಇತ್ತು.

ಟೇಪಣ್ಣನ ಕೆಲಸ ನಮ್ಮವರಿಗೆ ತುಂಬಾ ಹಿಡಿಸಿತು. "ನಿನ್ನ ಟೇಪು ತುದಿ ಸವೆದಿದೆ, ಒಂದನೇ ಸೆಂಟಿಮೀಟರಿಂದ ಹಿಡಿ" ಎಂದು ಅವನಿಗೇ ಪಾಠ ಹೇಳಿದರು. ಅವನೂ ಬೇಸರಿಸದೆ ಹಾಗೆಯೇ ಹಿಡಿದ.

ಹಿಡಿಸದೆ ಹೋದದ್ದು ಕಾಗದ. ಅದರಲ್ಲಿ ಆರು ಪ್ರಶ್ನೆಗಳು, ಎಲ್ಲವೂ ಕಳೆದ ಒಂದು ವಾರದ್ದು. ಆಯಾಸ ಎಷ್ಟು, ಕತ್ತು ಬೆನ್ನು ಸೊಂಟದ ನೋವು ಎಷ್ಟು, ಬೇರೆ ಕೀಲುಗಳದ್ದು ಎಷ್ಟು, ಮುಟ್ಟಿದರೆ ನೋಯುವುದು ಎಷ್ಟು, ಬೆಳಗಿನ ಬಿಗಿ ಎಷ್ಟು, ಕಣ್ಣು ಬಿಟ್ಟಾಗಿನಿಂದ ಅದು ಎಷ್ಟು ಹೊತ್ತು. ಪ್ರತಿ ಪ್ರಶ್ನೆಯ ಕೆಳಗೂ ಒಂದು ಅಡ್ಡಗೆರೆ. ಎಡತುದಿಯಲ್ಲಿ ಸೊನ್ನೆ, ಬಲತುದಿಯಲ್ಲಿ ಹತ್ತು. ಕೊನೆಯದರಲ್ಲಿ ಮಾತ್ರ ಆ ತುದಿಗೆ ಎರಡು ಗಂಟೆ. ಆ ಗೆರೆಯ ಮೇಲೆ ನಮ್ಮ ನೋವು ಎಲ್ಲಿದೆಯೋ ಅಲ್ಲಿ ಗುರುತು ಹಾಕಬೇಕು.

ಇವರು ಜೇಬಿನಿಂದ ಉಕ್ಕಿನ ಅಳತೆಪಟ್ಟಿ ತೆಗೆದು ಗೆರೆಯ ಮೇಲಿಟ್ಟರು. "ಡಾಕ್ಟರಮ್ಮಾ, ಇದು ಹತ್ತು ಸೆಂಟಿಮೀಟರ್ ಅಲ್ಲ. ಒಂಬತ್ತು ಪಾಯಿಂಟ್ ಮೂರು."

"ಏನಂದ್ರಿ?"

"ಜೆರಾಕ್ಸಿಂದ ಜೆರಾಕ್ಸ್ ಮಾಡಿ ಮಾಡಿ ಕುಗ್ಗಿದೆ. ಇದರ ಮೇಲೆ ಗುರುತು ಹಾಕಿ ಟೇಪಲ್ಲಿ ಅಳೆದ್ರೆ ಎಲ್ಲರ ನೋವೂ ಕಡಿಮೆ ಬರುತ್ತೆ."

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ವರ್ಷದಲ್ಲಿ ಇದನ್ನ ಹೇಳಿದೋರು ನೀವೇ ಮೊದಲು." ಮುಂದಿನ ಸಲ ನಾವು ಹೋದಾಗ ಹೊಸ ಕಾಗದ ಬಂದಿತ್ತು, ಗೆರೆ ಸರಿಯಾಗಿ ಹತ್ತು. ನಮ್ಮವರು ಅಳೆದು ನೋಡಿಯೇ ಕೂತರು.

"ಇನ್ನೊಂದು ಮಾತು," ಎಂದರು. "ಹತ್ತು ಅಂದ್ರೆ ಯಾವ ಹತ್ತು? ಕಿಲೋಗೆ ಒಂದು ಗಟ್ಟಿ ಬಟ್ಟು ಇರುತ್ತೆ, ಅದಕ್ಕೆ ಹೋಲಿಸಿ ನೋಡ್ತೀವಿ. ನೋವಿಗೆ ಎಲ್ಲಿದೆ ಬಟ್ಟು?"

"ನೀವು ಊಹಿಸ್ಕೊಳ್ಳಬಹುದಾದ ಅತಿ ಕೆಟ್ಟ ನೋವು ಹತ್ತು ಅಂತ ಇಟ್ಕೊಳ್ಳಿ," ಎಂದರು ಡಾಕ್ಟರಮ್ಮ. ಹೊರಗೆ ಐವತ್ತು ಜನ ಕಾಯುತ್ತಿದ್ದರು.

ಇವರು ಪೆನ್ನಿನ ತುದಿಯನ್ನು ಹತ್ತರ ಮೇಲಿಟ್ಟು ತುಂಬ ಹೊತ್ತು ನೋಡಿದರು. ಆಮೇಲೆ ಆರೂ ಗೆರೆಗಳ ಮೇಲೆ ಗುರುತು ಹಾಕಿದರು. ಎಲ್ಲವೂ ಎಡಗಡೆಗೇ ಇದ್ದವು. ಎರಡು, ಎರಡು, ಒಂದು, ಎರಡು, ಎರಡು, ಎರಡು.

ಮನೆಗೆ ನಡೆದು ಬರುವಾಗ ಕೇಳಿದೆ, ಏನು ಯೋಚಿಸುತ್ತಿದ್ದಿರಿ ಎಂದು. ಆಗ ಅವರ ಅಣ್ಣನ ವಿಷಯ ಹೇಳಿದರು. ಲಾರಿ ತೂಗುವ ಕಬ್ಬಿಣದ ವೇದಿಕೆಯ ರಿಪೇರಿಗೆ ಅಣ್ಣ ಕೆಳಗಿನ ಗುಂಡಿಯೊಳಗೆ ಇಳಿದಿದ್ದನಂತೆ. ಇವರಿಗೆ ಆಗ ಹತ್ತೊಂಬತ್ತು. ಜಾಕಿ ಜಾರಿ ವೇದಿಕೆ ಮೈಮೇಲೆ ಬಿತ್ತು. ಎರಡು ದಿನ ಅಣ್ಣ ಬದುಕಿದ್ದ, ಎರಡು ದಿನವೂ ಪ್ರಜ್ಞೆ ಇತ್ತು. ಇವರು ಪಕ್ಕದಲ್ಲೇ ಕೂತಿದ್ದರು.

"ಅದು ಹತ್ತು," ಎಂದರು. "ನಂದು ಯಾವ ಲೆಕ್ಕ?"

ಮದುವೆಯಾಗಿ ಹದಿನಾರು ವರ್ಷವಾಗಿತ್ತು. ಅಣ್ಣ ಅಪಘಾತದಲ್ಲಿ ಹೋದ ಎಂದಷ್ಟೇ ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು.

ಹೀಗೆಯೇ ಹನ್ನೆರಡು ವರ್ಷ ಮಾತ್ರೆಯಲ್ಲಿ ದೂಡಿದೆವು. ಮಾತ್ರೆಯಿಂದ ನೋವಿಗೆ ತುಸು ಕಡಿವಾಣ ಬಿದ್ದರೂ ಕೀಲಿನ ಬೆಂಕಿ ಆರಲಿಲ್ಲ. ಕೊಕ್ಕೆ ಎರಡನೇ ತೂತಿಗೆ ಇಳಿಯಿತು, ಆಮೇಲೆ ಮೂರನೆಯದಕ್ಕೆ. "ಏನ್ ತಕ್ಕಡಿಯವ್ರೇ, ಅಂಗನವಾಡಿಗೆ ಅಂಗಡಿ ಇಟ್ಟಿದೀರಾ?" ಎಂದು ದಿನಸಿಯವನು ರೇಗಿಸಿದ. ಇವರು, "ನಿನ್ನ ಮುಖ ನೋಡೋ ಕರ್ಮ ತಪ್ಪಿತಲ್ಲ, ಚಪ್ಪಲಿ ನೋಡ್ಕೊಂಡು ಮಾತಾಡ್ತೀನಿ" ಎಂದರು. ಆ ಹೊತ್ತಿಗೆ ಅವರು ಜನರನ್ನು ಚಪ್ಪಲಿಯಿಂದಲೇ ಗುರುತಿಸುತ್ತಿದ್ದರು. ಅದು ತಮಾಷೆಯಾಗಿರಲಿಲ್ಲ.

ಅವರಿಗೆ ಐವತ್ತೊಂದು ತುಂಬಿದಾಗ ಗೋಡೆಯ ಸಂದಿ ಒಂದು ಕಿಲೋ ಆಗಿತ್ತು. ಅದೇ ವರ್ಷ ಆಸ್ಪತ್ರೆಗೆ ಹೊಸ ಇಂಜೆಕ್ಷನ್ ಬಂತು. ಬೆಂಕಿಯನ್ನೇ ಆರಿಸುವಂಥದ್ದು, ಮಾತ್ರೆಯ ಹಾಗೆ ಹೊಗೆ ಮುಚ್ಚುವಂಥದ್ದಲ್ಲ ಎಂದರು ಡಾಕ್ಟರಮ್ಮ. ಆಗ ಅವರ ಕೂದಲೂ ನರೆತಿತ್ತು. ಇಂಜೆಕ್ಷನ್ ಕೆಲವರಿಗೆ ಮಾತ್ರ, ಆಸ್ಪತ್ರೆಯ ಸಮಿತಿ ಒಪ್ಪಬೇಕು. ಆರು ಪ್ರಶ್ನೆಗಳ ಸರಾಸರಿ ತಿಂಗಳ ಅಂತರದಲ್ಲಿ ಎರಡು ಸಲವೂ ನಾಲ್ಕು ದಾಟಿರಬೇಕು. ಇವರದು ಎರಡು ದಾಟುತ್ತಿರಲಿಲ್ಲ.

"ಅಳತೆ ನೋಡಿದ್ರೆ ಕೆಟ್ಟದಾಗಿದೆ," ಎಂದು ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಆದರೆ ಸಮಿತಿ ಕೇಳೋದು ಈ ನಂಬರು. ಅದು ಅವರದೇ ಕೈಯಿಂದ ಬರಬೇಕು. ನಾನು ತಿದ್ದೋ ಹಾಗಿಲ್ಲಮ್ಮ. ಇನ್ನು ತಡ ಮಾಡಿದ್ರೆ ಕತ್ತು ಪೂರ್ತಿ ಕೂಡಿಕೊಂಡುಬಿಡುತ್ತೆ."

ಅವತ್ತು ಮನೆಗೆ ಬಂದು ಜಗಳವಾಡಿದೆ. "ಐದು ಅಂತ ಗೀಚಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಇಂಜೆಕ್ಷನ್ ಇರೋದು ಇಷ್ಟೇ. ನಾನು ಸುಳ್ಳು ತೂಕ ಹಾಕಿ ತಗೊಂಡ್ರೆ ನಿಜವಾಗ್ಲೂ ಎಂಟಿರೋವ್ನಿಗೆ ತಪ್ಪುತ್ತೆ."

"ಎಂಟಿರೋದು ನಿಮಗೇ!"

"ನನಗೆಷ್ಟಿದೆ ಅಂತ ನಿನಗೇನೇ ಗೊತ್ತು?"

"ದಿನಾ ಬೆಳಗ್ಗೆ ಎಬ್ಬಿಸೋಳು ನಾನು. ನನಗೆ ಗೊತ್ತಿಲ್ದೆ ಆ ಟೇಪಣ್ಣನಿಗೆ ಗೊತ್ತಿರುತ್ತಾ?"

ಅವರು ತಟ್ಟೆಯಿಂದ ಕೈ ತೆಗೆದು ಎದ್ದು ಹೋದರು. ಎದ್ದು ಹೋಗಲೂ ಗೋಡೆ ಹಿಡಿಯಬೇಕಾಯಿತು.

ಆಸ್ಪತ್ರೆಗೆ ಹೋಗುವ ದಿನ ನಾನೂ ಒಂದು ತಪ್ಪು ಮಾಡುತ್ತಿದ್ದೆ. ಡಾಕ್ಟರ ಮುಂದೆ ಮರ್ಯಾದೆಯಿಂದ ಇರಲಿ ಎಂದು ಅವತ್ತು ಬಿಸಿನೀರು ಎರಡು ಹಂಡೆ, ಎಣ್ಣೆ ಹಚ್ಚಿ ತಿಕ್ಕುವುದು, ಇಸ್ತ್ರಿ ಮಾಡಿದ ಅಂಗಿ. ಅದರ ಮೇಲೆ ಆಸ್ಪತ್ರೆಯವರೆಗೆ ನಡಿಗೆ. ನಡೆದರೆ ಅವರ ಮೈ ಬಿಡುತ್ತಿತ್ತು. ಹನ್ನೊಂದು ಗಂಟೆಗೆ ಡಾಕ್ಟರ ಮುಂದೆ ಕೂರುತ್ತಿದ್ದದ್ದು ಇಡೀ ತಿಂಗಳ ಅತಿ ಒಳ್ಳೆಯ ಗಂಡಸು. ಬೆಳಗಿನ ಬಿಗಿ ಎಷ್ಟು ಹೊತ್ತು ಎಂದರೆ "ಅರ್ಧ ಗಂಟೆ" ಎನ್ನುತ್ತಿದ್ದರು. ಕಿಟಕಿಯ ಸರಳು ಬಿಟ್ಟ ಮೇಲಿನಿಂದ ಎಣಿಸುತ್ತಿದ್ದರು. ತಕ್ಕಡಿಯ ಅಲುಗಾಟ ನಿಂತ ಮೇಲಲ್ಲವೇ ಮುಳ್ಳು ನೋಡುವುದು ಎಂಬುದು ಅವರ ವಾದ.

ಮೂರು ವರ್ಷ ಹೀಗೆ ಹೋಯಿತು. ಸಂದಿ ಎರಡು ಕಿಲೋ ಆಯಿತು. ಆ ವರ್ಷದ ಒಂದು ದಿನವನ್ನು ನಾನು ಬರೆಯದೆ ಬಿಡಬಹುದಿತ್ತು. ಆದರೆ ಅದನ್ನು ಬಿಟ್ಟರೆ ಇದನ್ನು ಬರೆಯುವುದೇ ಬೇಡ.

ಆ ದಿನ ಅವರ ಕಣ್ಣು ಮತ್ತೆ ಕೆಂಪಾಗಿತ್ತು, ಈ ಸಲ ಎರಡೂ. ಕಣ್ಣಿಗೆ ಔಷಧಿ ಹಾಕಿ ಬಟ್ಟೆ ಕಟ್ಟಿದ್ದರು. ಟೇಪಣ್ಣ ಕಾಗದವನ್ನು ನನ್ನ ಕೈಗೆ ಕೊಟ್ಟ. "ಅಮ್ಮಾ, ಅವರನ್ನ ಕೇಳಿ ನೀವೇ ಗುರುತು ಹಾಕಿ." ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ, ಆದರೆ ಅಂಕಿಗಳಲ್ಲಿ ತಪ್ಪುವುದಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತೆವು. ಟೇಪಣ್ಣ ಬೇರೆಯವರನ್ನು ಅಳೆಯಲು ಹೋದ. ಡಾಕ್ಟರಮ್ಮ ಒಳಗಿದ್ದರು. ಇವರಿಗೆ ಕಣ್ಣು ಕಾಣುತ್ತಿರಲಿಲ್ಲ.

"ಬೆನ್ನಿನ ನೋವು?" ಎಂದು ಓದಿದೆ.

"ಎರಡು."

ಪೆನ್ನು ನನ್ನ ಕೈಯಲ್ಲಿತ್ತು. ಗೆರೆ ನನ್ನ ಮುಂದೆ. ಏಳಕ್ಕೆ ಒಂದು ಗೀಟು ಎಳೆದು, ತಿಂಗಳ ಮೇಲಿನ ಕಾಗದವನ್ನೂ ನಾನೇ ಕೇಳಿ ತುಂಬಿದ್ದರೆ ಈ ಲೋಕದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅದು ಸುಳ್ಳೂ ಆಗುತ್ತಿರಲಿಲ್ಲ. ಅವತ್ತು ಬೆಳಗ್ಗೆ ಹೊರಳಿಸುವಾಗ ಅವರು ನನ್ನ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಐದು ಬೆರಳಿನ ಗುರುತೂ ಕುಪ್ಪಸದ ಕೆಳಗೆ ಇನ್ನೂ ಉರಿಯುತ್ತಿತ್ತು.

ನಾನು ಎರಡಕ್ಕೆ ಹಾಕಿದೆ. ಎಲ್ಲ ಪ್ರಶ್ನೆಗೂ ಅವರು ಹೇಳಿದ್ದನ್ನೇ ಹಾಕಿದೆ. ಯಾಕೆ ಎಂದು ಕೇಳಿಕೊಂಡರೆ ಇವತ್ತಿಗೂ ಒಂದೇ ಉತ್ತರ ಸಿಗುವುದಿಲ್ಲ. ಅವರ ಅಂಗಡಿಯಲ್ಲಿ ಮೂವತ್ತು ವರ್ಷದಲ್ಲಿ ಯಾರೂ ತಟ್ಟೆಗೆ ಬೆರಳು ತಾಗಿಸಿರಲಿಲ್ಲ, ನಾನು ಮೊದಲನೆಯವಳಾಗಲು ಹೆದರಿದೆ ಎನ್ನಬಹುದು. ಜಗಳದ ಸಿಟ್ಟು ಉಳಿದಿತ್ತು, ಅನುಭವಿಸಲಿ ಎಂದುಕೊಂಡೆ ಎನ್ನಲೂಬಹುದು. ಎರಡೂ ಇದ್ದವು.

ಮುಂದಿನ ವರ್ಷ ಶಾಲೆ ಶುರುವಾಗುವ ದಿನ ಮಗಳು ಬಂದಳು. ಅವಳು ಮದುವೆಯಾಗಿ ಮುಂದಿನ ಬೀದಿಯಲ್ಲಿದ್ದಳು, ಹೊಟ್ಟೆಯಲ್ಲಿ ಐದು ತಿಂಗಳು. ಇವರು ಗೋಡೆಗೆ ನಿಂತರು. ಅವಳು ಎರಡು ಕಿಲೋ ಬಟ್ಟು ಹಿಡಿದಳು, ಅದು ನಿಲ್ಲದೆ ಜಾರಿತು. ಬಟ್ಟು ಬದಲಿಸಿದಳು. ಐದು ಕಿಲೋದ್ದು ಸರಿಯಾಗಿ ಕೂತಿತು.

"ಒಂದೇ ವರ್ಷಕ್ಕಾ ಅಪ್ಪಾ?" ಎಂದಳು.

ಇವರು ತಿರುಗಿ ನೋಡಬೇಕೆಂದರೆ ಈಗ ಕತ್ತಿನ ಜೊತೆ ಪಾದವನ್ನೂ ತಿರುಗಿಸಬೇಕಿತ್ತು. ಅವಳ ಮುಖ ಕಾಣಲು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಮೊಣಕಾಲು ಬಗ್ಗಿಸಿ ಕಣ್ಣು ಮೇಲೆತ್ತಿದರು. ಕೊಕ್ಕೆ ನಾಲ್ಕನೇ ತೂತಿಗೆ ಇಳಿದದ್ದು ಆ ವಾರ.

ಬಗ್ಗಿ ತಟ್ಟೆ ತೊಳೆಯಲಾಗದ್ದರಿಂದ ಅಂಗಡಿಯ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ದಿನ ಹಿಟ್ಟಿನ ಗಿರಣಿಯ ತಕ್ಕಡಿ ಬಂತು. ಒಂದು ತಟ್ಟೆಯ ತಳದಲ್ಲಿ ಬೆರಳು ದಪ್ಪ ಹಿಟ್ಟು ಕಲ್ಲಿನ ಹಾಗೆ ಒಣಗಿ ಹಿಡಿದಿತ್ತು. ಗಿರಣಿಯವನು ಅದನ್ನು ಕೆರೆಯುವ ಬದಲು ಇನ್ನೊಂದು ಕಡೆ ತಂತಿ ಸುತ್ತಿ ಮುಳ್ಳನ್ನು ನಡುವಿಗೆ ತಂದುಕೊಂಡಿದ್ದ.

"ಮೊದಲು ಖಾಲಿ ತಟ್ಟೆ ನೋಡಬೇಕು ಕಣೇ," ಎಂದರು ಇವರು ಸ್ಟೂಲಿನ ಮೇಲಿಂದ. "ಎಷ್ಟು ವರ್ಷದಿಂದಲೋ ಆ ಹಿಟ್ಟನ್ನೂ ಸೇರಿಸ್ಕೊಂಡು ಸೊನ್ನೆ ಅಂತ ತೋರಿಸ್ತಿದೆ. ಪಾಪ, ತಕ್ಕಡಿಗೇನು ಗೊತ್ತು."

ನನ್ನ ಕೈಯಲ್ಲಿ ಕೆರೆಯುವ ಚಾಕು ಹಾಗೇ ನಿಂತಿತು.

"ನಿಮ್ಮ ಖಾಲಿ ತಟ್ಟೆ ಯಾವತ್ತು ನೋಡಿದ್ರಿ?" ಎಂದೆ.

"ಏನದು?"

"ನೋವೇ ಇಲ್ದೆ ಎದ್ದ ದಿನ. ಕೊನೆಯದು ಯಾವತ್ತು? ನನ್ನ ಕಾಲದಲ್ಲಂತೂ ಇಲ್ಲ."

ಅವರು ಯೋಚಿಸಿದರು. ನಿಜವಾಗಿಯೂ ಹುಡುಕುತ್ತಿದ್ದರು, ಕಣ್ಣು ನೆಲದ ಮೇಲೆ ಓಡುತ್ತಿತ್ತು. "ಇಪ್ಪತ್ತೆರಡೋ... ಇಲ್ಲ. ಜ್ಞಾಪಕ ಬರ್ತಿಲ್ಲ."

"ಹಾಗಾದ್ರೆ ನಿಮ್ಮ ಸೊನ್ನೆ ಎಲ್ಲಿದೆ? ಮೂವತ್ತೆರಡು ವರ್ಷದ ನೋವನ್ನ ತಟ್ಟೆ ತಳಕ್ಕೆ ಹಿಡಿಸ್ಕೊಂಡು, ಅದರ ಮೇಲೆ ಬಿದ್ದಿದ್ದನ್ನ ಮಾತ್ರ ತೂಗಿ ಎರಡು ಅಂತೀರಿ. ಹತ್ತನ್ನ ಅಣ್ಣನಿಂದ ತಂದ್ರಿ, ಸರಿ. ಸೊನ್ನೆ ಯಾರಿಂದ ತಂದ್ರಿ?"

ಅವರು ಸ್ಟೂಲಿನಿಂದ ಇಳಿದು ಗೋಡೆ ಹಿಡಿದು ಒಳಗೆ ಹೋದರು. ಆ ವಾರವೆಲ್ಲ ಎರಡೋ ಮೂರೋ ಮಾತು. ನಾನು ಹದ್ದು ಮೀರಿದೆನೇನೋ ಎಂದು ಹೆದರಿದೆ. ಆಸ್ಪತ್ರೆಯ ದಿನ ಬೆಳಗ್ಗೆ ನೀರು ಕಾಯಿಸಲು ಎದ್ದರೆ, "ಬೇಡ" ಎಂದರು. "ಎಣ್ಣೆನೂ ಬೇಡ. ಹೇಗಿದೀನೋ ಹಾಗೇ ಕರ್ಕೊಂಡ್ಹೋಗು." ಅವತ್ತು ಆಟೋದಲ್ಲಿ ಹೋದೆವು. ಅದು ಎಗರಿದಾಗೆಲ್ಲ ಅವರ ಬಾಯಿಂದ ನಾನು ಕೇಳದಿದ್ದ ಸದ್ದು ಬಂತು. ನುಂಗಿಕೊಳ್ಳಲಿಲ್ಲ.

ಡಾಕ್ಟರಮ್ಮನ ಮುಂದೆ ಕೂತು, "ಅಮ್ಮಾ, ನನ್ನ ತಕ್ಕಡಿ ಸೊನ್ನೆ ತಪ್ಪಿದೆ. ಇಷ್ಟು ವರ್ಷ ಕೊಟ್ಟಿದ್ದೆಲ್ಲ ತಪ್ಪು ತೂಕ," ಎಂದರು. ಕೈ ಮುಗಿದರು. ಅಂಗಡಿಗೆ ತನಿಖೆಯವರು ಬಂದಾಗಲೂ ಅವರು ಕೈ ಮುಗಿದವರಲ್ಲ.

ಗುರುತು ಹಾಕಲು ಅರ್ಧ ಗಂಟೆ ತೆಗೆದುಕೊಂಡರು. ಏಳು, ಎಂಟು, ನಾಲ್ಕು, ಏಳು, ಎಂಟು. ಕೊನೆಯ ಗೆರೆ ಎರಡು ಗಂಟೆಗೆ ಮುಗಿಯುತ್ತಿತ್ತು. ಅದರ ತುದಿಗೇ ಗುರುತು ಹಾಕಿದರು. ಒಂದು ತಿಂಗಳಾದ ಮೇಲೆ ಮತ್ತೆ ಹೆಚ್ಚುಕಡಿಮೆ ಅದೇ ಬಂತು. ಸಮಿತಿ ಒಪ್ಪಿತು.

ಆ ನಡುವೆ ತೆಗೆದ ಎಕ್ಸ್‌ರೇಯನ್ನು ಡಾಕ್ಟರಮ್ಮ ಬೆಳಕಿಗೆ ಹಿಡಿದು ತೋರಿಸಿದರು. ಬೇರೆಬೇರೆ ಎಲುಬು ಕಾಣಬೇಕಾದ ಕಡೆ ಗಿಣ್ಣು ಗಿಣ್ಣಾದ ಬಿದಿರಿನ ಹಾಗೆ ಒಂದೇ ಕಂಬ, ಸೊಂಟದಿಂದ ಕತ್ತಿನವರೆಗೆ. "ಇದನ್ನ ಬಿಡಿಸೋಕಾಗಲ್ಲ," ಎಂದರು. "ಉಳಿದಿರೋದು ಸುಡದ ಹಾಗೆ ನೋಡ್ಕೋಬಹುದು." ನನ್ನತ್ತ ನೋಡಿ, "ಒಂದು ವರ್ಷ ಮುಂಚೆ ಆಗಿದ್ರೆ ಕತ್ತು ಉಳೀತಿತ್ತೇನೋ," ಎಂದರು. ದೂರಿ ಹೇಳಿದ್ದಲ್ಲ, ಮರುಕದಿಂದ ಹೇಳಿದ್ದು. ಅವರಿಗೇನು ಗೊತ್ತು.

ಮೂರನೇ ಇಂಜೆಕ್ಷನ್ ಆದ ಮೇಲೆ ಒಂದು ಬೆಳಗ್ಗೆ ಎಚ್ಚರವಾದಾಗ ಪಕ್ಕದಲ್ಲಿ ಅವರಿರಲಿಲ್ಲ. ತಟ್ಟನೆ ಎದ್ದೆ. ಕಿಟಕಿಯ ಹತ್ತಿರ ನಿಂತಿದ್ದರು, ಸರಳು ಹಿಡಿಯದೆ. ಹಾಲಿನ ಗಾಡಿ ಇನ್ನೂ ಬಂದಿರಲಿಲ್ಲ.

"ಯಾರು ಎಬ್ಬಿಸಿದ್ರು?"

"ಯಾರೂ ಇಲ್ಲ." ಅವರ ಬೆನ್ನು ನನ್ನ ಕಡೆಗಿತ್ತು, ಬಾಗಿದ ಬೆನ್ನು ಬಾಗಿಯೇ ಇತ್ತು. "ಸೊನ್ನೆ ಅಂದ್ರೆ ಹೀಗಿರುತ್ತೆ ಅಂತ ಮರೆತೇ ಹೋಗಿತ್ತು ಕಣೇ." ಆಮೇಲೆ ಕೇಳಿದರು. "ಕಣ್ಣು ಕಟ್ಟಿದ್ದಾಗ ನೀನು ಬರೆದೆಯಲ್ಲ. ಏನು ಬರೆದೆ?"

"ನೀವು ಹೇಳಿದ್ದೇ."

"ಎರಡು?"

"ಎರಡು."

"ಸರಿಯಾಗೇ ಮಾಡಿದೀಯ," ಎಂದರು.

ಬೈದಿದ್ದರೆ ನನಗೆ ಬದುಕುವುದು ಸುಲಭವಾಗುತ್ತಿತ್ತು.

ಆಮೇಲೆ ಐದು ವರ್ಷ ಬದುಕಿದ್ದರು. ನೋವಿಲ್ಲದ ಐದು ವರ್ಷ, ನೆಲ ನೋಡುತ್ತಾ. ಮೊಮ್ಮಗಳನ್ನು ಎತ್ತಿಕೊಂಡರೆ ಅವಳ ಪಾದ ಕಾಣುತ್ತಿತ್ತು, ಮುಖ ನೋಡಬೇಕೆಂದರೆ ಮಲಗಿಸಿಕೊಳ್ಳಬೇಕಿತ್ತು. ಒಂದು ಮಧ್ಯಾಹ್ನ ಬಚ್ಚಲಿನ ಹೊಸ್ತಿಲು ಎಡವಿ ಬಿದ್ದರು. ಬಿದ್ದದ್ದು ಎಷ್ಟು ಎತ್ತರದಿಂದ, ಎರಡು ಗೇಣು. ನಾನೋ ನೀವೋ ಬಿದ್ದರೆ ಮಂಡಿ ತರಚುತ್ತಿತ್ತು. ಕೂಡಿಕೊಂಡ ಎಲುಬು ಸೀಮೆಸುಣ್ಣದ ಹಾಗೆ, ಬಗ್ಗಲು ಬರುವುದಿಲ್ಲ, ಮುರಿಯುತ್ತದೆ. ಕತ್ತು ಬಾಗಿದ ಹಾಗೇ ಮುರಿದು, ಒಳಗಿನ ನರ ತುಂಡಾಗಿತ್ತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು. ಮಾತಿತ್ತು, ಕೈಕಾಲು ಇರಲಿಲ್ಲ. ಮೂರನೇ ದಿನ ಡಾಕ್ಟರಮ್ಮ ಬಂದು, ನೋವು ಎಷ್ಟಿದೆ ಎಂದು ಬಗ್ಗಿ ಕೇಳಿದರು. "ಏನೂ ಗೊತ್ತಾಗ್ತಿಲ್ಲ ಅಮ್ಮಾ. ತಕ್ಕಡಿಯ ಮುಳ್ಳೇ ಕಿತ್ತುಹೋಗಿದೆ," ಎಂದರು. ನಾಲ್ಕನೇ ದಿನ ಹೋದರು.

ಮನೆಗೆ ತಂದು ಹಲಗೆಯ ಮೇಲೆ ಮಲಗಿಸಿದಾಗ ತಲೆ ಹಲಗೆಗೆ ತಾಗಲಿಲ್ಲ. ಎದ್ದು ಏನನ್ನೋ ನೋಡಲು ಹೊರಟವರ ಹಾಗೆ ಗಾಳಿಯಲ್ಲಿ ನಿಂತಿತ್ತು. ಬಂದವರು ಇರಿಸುಮುರಿಸುಗೊಂಡರು. ದಿನಸಿಯವನು ಮೆಲ್ಲಗೆ ಹಣೆಯ ಮೇಲೆ ಕೈಯಿಟ್ಟು ಒತ್ತಲು ಹೋದ.

"ಬಿಡಿ. ಒತ್ತಬೇಡಿ," ಎಂದೆ.

ಮಗಳು ಅಂಗಡಿಗೆ ಹೋದಳು. ಐದು ಕಿಲೋ ಬಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಮಂಡಿಯೂರಿ ತಲೆಯ ಕೆಳಗೆ ಇಟ್ಟಳು. ಸರಿಯಾಗಿ ಕೂತಿತು. ಐದು ವರ್ಷದಲ್ಲಿ ಒಂದು ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ. ಇಂಜೆಕ್ಷನ್ ಕೊಟ್ಟ ದಿನ ಎಲ್ಲಿತ್ತೋ ಅಲ್ಲೇ ನಿಂತಿತ್ತು.

"ಅಷ್ಟೇ ಇದೆ ಅಮ್ಮಾ," ಎಂದಳು. ಅವಳಿಗೆ ಅದೊಂದು ಸಮಾಧಾನ.

ನಾನು ಹೂಂ ಎಂದೆ. ಅಂಗಡಿಯ ಹಲಗೆಯ ಮೇಲೆ ಎರಡು ಕಿಲೋ ಬಟ್ಟಿನ ಪಕ್ಕ ಖಾಲಿ ಜಾಗ ಬಿದ್ದಿತ್ತು. ಎರಡರಿಂದ ಐದಕ್ಕೆ ಹೋದ ವರ್ಷ ಯಾವುದು ಎಂದು ಅವಳಿಗೂ ಗೊತ್ತು. ಆ ವರ್ಷ ಪೆನ್ನು ಯಾರ ಕೈಯಲ್ಲಿತ್ತು ಎಂದು ನಾನು ಅವಳಿಗೆ ಇವತ್ತಿನವರೆಗೆ ಹೇಳಿಲ್ಲ.